ಮಸ್ಕತ್ತಿನ ಅಣ್ಣ

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ಭಾನುವಾರ
ಅಪ್ಪ ಅಣ್ಣನಿಗೆ ಇಸ್ತ್ರಿಯ ಅಂಗಿ ತೊಡಿಸಿ
ಮುಲುಂಡಿನಲ್ಲಿ ಲೋಕಲ್ ಹತ್ತಿಸಿದ.
ಠಾಣೆಯಲ್ಲಿಳಿದು ಕರ್ಜತ್ ಗಾಡಿ ಹಿಡಿದರು.
ರೈಲ್ವೆ ವರ್ಕ್‌ಶಾಪಿನ ಪಾಸು, ಖರ್ಚಿಲ್ಲ.
ಬಂದವರು ಉಪ್ಪಿಟ್ಟು ತಿಂದು
ನನ್ನಿಂದ ಒಂದು ವಚನ ಹೇಳಿಸಿ
ಕೈತೊಳೆದು ಏಳುವ ತನಕ
ಇವರಿಬ್ಬರೂ ಬದ್ಲಾಪುರ, ವಾಂಗಣಿ, ನೇರಳ್ ದಾಟಿ
ಹೋದರು, ಬಂದರು.

"ಮಗಾ ಎಲ್ಲದಾನ್ರೀ?"
"ಮಸ್ಕತ್ತಿನ್ಯಾಗ," ಅಂದಳು ಅವ್ವ.
ಎದುರು ಗೋಡೆಯಲ್ಲಿ ಖರ್ಜೂರದಂಗಡಿಯ ಕ್ಯಾಲೆಂಡರ್,
ಅದರಲ್ಲೊಂದು ಒಂಟೆ.
ಇಲ್ಲದಿದ್ದರೆ ಅವಳಿಗೆ ಮಸ್ಕತ್ ಯಾವ ದಿಕ್ಕಿಗಿದೆ ಎಂದೂ ಗೊತ್ತಿಲ್ಲ.

ಹಾಗೆ ಹೋದವನು ಹನ್ನೊಂದು ವರ್ಷದಿಂದ ಅಲ್ಲೇ ಇದ್ದಾನೆ.
ರೇಷನ್ ಕಾರ್ಡಿನಲ್ಲಿ ಮಾತ್ರ
ರುದ್ರಮುನಿ ಇನ್ನೂ ಮುಲುಂಡಿನವನು.

ದೀಪಾವಳಿಗೆ ನನ್ನ ಅತ್ತೆಮನೆಗೆ
ಅವನ ಖರ್ಜೂರ ತಪ್ಪದೆ ಬರುತ್ತದೆ, ಮಸ್ಜಿದ್ ಬಂದರಿನಿಂದ.
ಚೀಟಿ ಕಿತ್ತು ಬೇರೆ ಡಬ್ಬಿಗೆ ತುಂಬುವವನು ಅವನೇ.
ಗುಳಿಗೆಗೆ ನಡುಗುವ ಕೈ;
ಒಂದು ಹಣ್ಣೂ ನೆಲಕ್ಕೆ ಬೀಳಿಸುವುದಿಲ್ಲ.
ಮಾವ ಬೀಜ ಉಗುಳಿ ಹೇಳುತ್ತಾರೆ:
"ಎಷ್ಟಂದ್ರೂ ಅಲ್ಲೀ ಮಾಲೇ ಬ್ಯಾರೆ."

ಈ ಶಹರದಲ್ಲಿ ಠಾಣೆ ಎಂದರೆ ಊರಲ್ಲ, ಬೈಗುಳ.
ರಿಕ್ಷಾದವನು ರಿಕ್ಷಾದವನಿಗೆ,
ಲೆಕ್ಕ ತಪ್ಪಿದರೆ ನನ್ನ ಮಗನಿಗೆ ನನ್ನ ಗಂಡ:
"ಠಾಣೆಗೆ ಬಿಟ್ಟು ಬರಲೇನು?"
ಅವನು ನಗುತ್ತಾನೆ, ಮಗ ನಗುತ್ತಾನೆ,
ನಾನೂ.

ಅವ್ವ ಗುಳಿಗೆ ತರುವುದು ಘಾಟ್‌ಕೋಪರಿನಿಂದ;
ಓಣಿಯ ಮೆಡಿಕಲ್‌ನವನು ಹೆಸರು ಓದಿಬಿಡುತ್ತಾನೆ.
ಖಾಲಿ ಪಟ್ಟಿಗಳು ಮನೆಯ ಕಸಕ್ಕಿಲ್ಲ,
ಸೆರಗಿನ ಗಂಟಿನಲ್ಲಿ ಭಾಂಡುಪಿನವರೆಗೆ ಹೋಗಿ
ಪ್ಲಾಟ್‌ಫಾರ್ಮಿನ ಡಬ್ಬಿಗೆ, ಕದ್ದ ಮಾಲಿನಂತೆ.
ಆದರೂ ಚಾಳಿಗೆ ಗೊತ್ತು.
ಅವನು ಕೊಡ ಹಿಡಿದು ನಲ್ಲಿಗೆ ಹೊರಟರೆ
ಅಂಗಳದ ಮಕ್ಕಳ ಹೆಸರೆಲ್ಲ
ಒಂದೊಂದಾಗಿ ಒಳಗಿನಿಂದ ಕೇಳಿಸುತ್ತವೆ.

ಅಪ್ಪ ಸತ್ತ ದಿನ
ಅಣ್ಣನನ್ನು ಕರ್ಜತ್‌ಗೆ ಒಯ್ಯುವವರು ಯಾರೂ ಇರಲಿಲ್ಲ.
ನನ್ನ ಬೀಗರು ದಾದರ್ ಬಿಟ್ಟಿದ್ದಾರೆಂದು ಫೋನ್ ಬಂತು.
ಅವ್ವ ಅವನ ಮುಖ ನೋಡಲಿಲ್ಲ.
ನಾನೂ ನೋಡಲಿಲ್ಲ, ವಿಭೂತಿ ಹುಡುಕುತ್ತಿದ್ದೆ.
ತಿರುಗಿ ನೋಡಿದಾಗ
ಗೂಟದಲ್ಲಿ ಇಸ್ತ್ರಿಯ ಅಂಗಿ ಇರಲಿಲ್ಲ.

ಮಣ್ಣು ಮುಗಿದು ಎಲ್ಲರೂ ಹೋದ ಮೇಲೆ
ದೀಪ ಹಚ್ಚುವ ಹೊತ್ತಿಗೆ ಬಂದ.
ಪೇಪರಿನಲ್ಲಿ ಸುತ್ತಿದ ಕರ್ಜತ್ ವಡೆ ಕೈಯಲ್ಲಿ,
ಅಪ್ಪ ತರುತ್ತಿದ್ದ ಹಾಗೆಯೇ, ನಾಲ್ಕು.
ನಾಲ್ಕನೆಯದನ್ನು ಏನು ಮಾಡಬೇಕೆಂದು
ಯಾರಿಗೂ ತಿಳಿಯಲಿಲ್ಲ.

ಈಗ ತಿಂಗಳಿಗೊಮ್ಮೆ ನಾನು ಜೊತೆಗೆ ಹೋಗುತ್ತೇನೆ,
ಮನೆಯಲ್ಲಿ ಅವ್ವನ ಬಿಪಿಯ ನೆಪ ಹೇಳಿ.
ಕಿಟಕಿಯ ಸೀಟು ಅವನಿಗೆ.
ಛಾವಣಿಯಿಂದ ಹೆಂಗಸಿನ ದನಿ ಮರಾಠಿಯಲ್ಲಿ
ಮುಂದಿನ ಸ್ಟೇಷನ್ ಹೇಳುತ್ತದೆ.
"ಆಕಿ ಮಾತು ಎಲ್ಲಾರಿಗೂ ಕೇಳಸ್ತದ," ಎಂದ ಒಮ್ಮೆ,
"ಅದಕ್ಕ ಯಾರೂ ಏನೂ ಅನ್ನಂಗಿಲ್ಲ."

ಮೊನ್ನೆ ನೇರಳ್ ದಾಟಿದ ಮೇಲೆ,
ಎದುರಿನ ಹೆಂಗಸು ಚೀಲ ಎದೆಗವಚಿ
ಆ ತುದಿಯ ಸೀಟಿಗೆ ಹೋದ ಮೇಲೆ,
ತುಂಬ ಹೊತ್ತು ಸುಮ್ಮನಿದ್ದು
ನನ್ನ ಕಿವಿಗೆ ಬಾಗಿ ಕೇಳಿದ:

"ತಂಗೀ, ಮಸ್ಕತ್ತಿನ್ಯಾಗ ನಾ ಆರಾಮ ಅದೀನೇನು?"