ನಡಾವಳಿಗೆ ಬಾರದ್ದು

ಏಳಕ್ಕೆ ಸಭೆ. ಕೋರಂ ಆದದ್ದು ಏಳೂ ಇಪ್ಪತ್ತಕ್ಕೆ.
ವೆಸ್ಟ್ರಿಯ ಹೀಟರಿನ ಎರಡು ಸರಳಲ್ಲಿ
ಕೆಂಪಾಗುವುದು ಒಂದೇ.
ಲಿಂಕನ್‌ಶೈರಿನ ಈ ಚಪ್ಪಟೆ ಸೀಮೆಯಲ್ಲಿ
ಸಮುದ್ರದಿಂದ ನೆಟ್ಟಗೆ ನುಗ್ಗುವ ಗಾಳಿಗೆ
ಅಡ್ಡ ನಿಲ್ಲಲು ನಮ್ಮ ಗೋಪುರ ಬಿಟ್ಟರೆ ಒಂದು ದಿಬ್ಬವೂ ಇಲ್ಲ.
ಗೋಪುರವೂ ವಾಲುತ್ತಿದೆಯಂತೆ,
ವರ್ಷಕ್ಕೊಂದು ಬಾರ್ಲಿ ಕಾಳಿನಷ್ಟು.

ನಾನು ಕಾರ್ಯದರ್ಶಿ. ಎಡಗೈ, ನೀಲಿ ಶಾಯಿ.
ಬರೆದದ್ದನ್ನು ಬರೆಯುತ್ತಲೇ ಒರೆಸಿಕೊಂಡು ಹೋಗುವ ಅಂಗೈ.

'ಪ್ರಾರ್ಥನೆಯೊಂದಿಗೆ ಆರಂಭ' ಎಂದು ಬರೆದೆ.
ಆಬ್ರಿ ಪೇಸಿ ಬೇಡಿಕೊಂಡದ್ದು: ಕಾಲುವೆ ಉಕ್ಕದಿರಲಿ,
ಬಿಷಪ್ಪರಿಗೆ ಬೇಗ ಬುದ್ಧಿ ಬರಲಿ.
ಅದು ಬರೆಯುವಂಥದ್ದಲ್ಲ.

ಛಾವಣಿಯ ಸೀಸ ಮತ್ತೆ ಕಳುವು. ಪೊಲೀಸರಿಗೆ ತಿಳಿಸಿದೆ.
ಡಯಾಸಿಸ್ಸಿಗೆ ಕಟ್ಟುವ ಪಾಲು ಬಾಕಿ. ಖಜಾಂಚಿ ಡ್ರಿಂಗ್
ಸತ್ತವರ ಹೆಸರು ಕೂಗುವ ಹಾಗೆ ಅಂಕಿ ಓದಿದರು,
ಒಂದೊಂದಕ್ಕೂ ನಿಂತು.
ಮಕ್ಕಳ ಸುರಕ್ಷತೆಯ ತರಬೇತಿ ಇನ್ನೂ ಯಾರು ಮುಗಿಸಿಲ್ಲ?
ಎಲ್ಲರೂ ಬಗ್ಗಿ ತಮ್ಮ ತಮ್ಮ ಬೂಟು ನೋಡಿಕೊಂಡರು.

ಆರನೆಯ ವಿಷಯ: ಸಭಾಪಾಲಕರ ಹುದ್ದೆ.
ಹದಿನಾಲ್ಕು ತಿಂಗಳಿಂದ ಆ ಮನೆಯಲ್ಲಿ ದೀಪವಿಲ್ಲ.
ಜಾಹೀರಾತನ್ನು ಮೂರು ಸಲ ತಿದ್ದಿದ್ದೆವು.
ನಲವತ್ತರೊಳಗಿರಲಿ. ಸಂಸಾರವಿರಲಿ,
ಸಂಡೇಸ್ಕೂಲಿನ ಮೂವರು ಆರಾಗಲಿ.
ಗಿಟಾರು ಬರಲಿ. ಗಿಟಾರು ದಯವಿಟ್ಟು ಬೇಡ.
ವಾಕ್ಯವನ್ನು ವಾಕ್ಯವಾಗಿಯೇ ಸಾರಲಿ (ಇದೊಂದಕ್ಕೆ ಏಳೂ ಕೈ).
ಪ್ರಸಂಗ ಇಪ್ಪತ್ತು ನಿಮಿಷ ಸಾಕೆಂದರು ಡ್ರಿಂಗ್.
ನಲವತ್ತು, ಎಂದರು ವಾರ್ಡನ್ ಎನಿಡ್ ಸ್ನೀತ್,
ಎಂಬತ್ತೊಂದರ ಮುದುಕಿ:
'ಪೌಲ ನಡುರಾತ್ರಿಯ ತನಕ ಮಾತಾಡಿದ.'
'ಕೇಳುತ್ತ ತೂಕಡಿಸಿದವ ಕಿಟಕಿಯಿಂದ ಬಿದ್ದು ಸತ್ತ.'
'ಎಬ್ಬಿಸಿದನಲ್ಲ!'

ಬಂದದ್ದು ಒಂದೇ ಅರ್ಜಿ.
ಲಕೋಟೆ ಒಡೆದವಳು ನಾನೇ.
ರೆವರೆಂಡ್ ಟ್ಯಾಮ್ಸಿನ್ ಲೆಗೇಟ್. ಹೆಂಗಸು.

ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ಪುಸ್ತಕ,
ಅದರಲ್ಲಿ ಹನ್ನೊಂದು ವರ್ಷದ ಹಿಂದಿನ ನಿರ್ಣಯ:
'ಈ ಪೀಠಕ್ಕೆ ಪುರುಷರೇ.'
ಸೂಚಿಸಿದವರು ಎನಿಡ್ ಸ್ನೀತ್. ಅನುಮೋದನೆ ಪೇಸಿ.
ಕೈಬರಹ ನನ್ನದು. ಆ ದಿನ ಮಾತ್ರ
ಹೇಗೋ ಶಾಯಿ ಹರಡಿಲ್ಲ.

ಪೇಸಿ ತಿಮೊಥೆಯನ ಪತ್ರ ತೆಗೆದರು, ಬೆರಳಿಟ್ಟು ಓದಿದರು.
ದನಿ ಒಡೆಯಿತು. ಹಠ ಎಂದುಕೊಂಡಿದ್ದೆ ಇಷ್ಟು ದಿನ;
ಐವತ್ತು ವರ್ಷ ಇಟ್ಟಿಗೆ ಇಟ್ಟವರಿಗೆ ಗೊತ್ತು,
ಕೆಳಗಿನದೊಂದು ಸಾಲು ಕಿತ್ತರೆ
ಮೇಲಿನದು ಯಾವುದೂ ಮಾತು ಕೇಳುವುದಿಲ್ಲ.
ಯಾರೋ 'ನಿಮ್ಮ ಪುತ್ರಿಯರೂ ಪ್ರವಾದಿಸುವರು' ಎಂದರು.
ಯಾರೋ ಫೊಯಿಬೆಯ ಹೆಸರೆತ್ತಿ ಸುಮ್ಮನಾದರು.
ಹೀಟರು ಟಿಕ್ ಎಂದಿತು.

ಎನಿಡ್ ಕಣ್ಣು ಮುಚ್ಚಿದ್ದರು, ನಿದ್ದೆ ಅಂದುಕೊಂಡೆ.
'ಆ ಅರ್ಜಿ ಇನ್ನೊಂದು ಸಲ ಓದು.'

ಓದಿದೆ: ಹದಿನಾರಕ್ಕೇ ತಾಯಿಯ ಪಕ್ಕ
ಹೂಕೋಸಿನ ಹೊಲದಲ್ಲಿ ಕತ್ತಿ ಹಿಡಿದದ್ದು,
ಮಂಜು ಕುಡಿದ ಕೈಗವಸು,
ಟ್ರ್ಯಾಕ್ಟರಿನ ಹಿಂದೆ ನಡೆಯುತ್ತ ನಡೆಯುತ್ತ
ರೋಮಾಪುರದವರಿಗೆ ಬರೆದ ಪತ್ರ ಬಾಯಿಪಾಠ ಮಾಡಿದ್ದು:
ಎಂಟು ಅಧ್ಯಾಯ, ಒಂದು ಚಳಿಗಾಲ.

ಕೈ ಎತ್ತಿ ಎಂದು ಯಾರೂ ಹೇಳಲಿಲ್ಲ.
'ಆರನೆಯ ವಿಷಯ ಮುಂದಿನ ಸಭೆಗೆ' ಎಂದು ಬರೆದೆ.
ನಮ್ಮಲ್ಲಿ ರೂಢಿ, ಕೊನೆಗೆ ಎಲ್ಲರೂ ಎದ್ದು
ಕರ್ತನ ಕೃಪೆಯ ಮಾತನ್ನು ಒಟ್ಟಿಗೆ ಹೇಳುವುದು,
ಕಣ್ಣು ತೆರೆದು, ಒಬ್ಬರ ಮುಖ ಒಬ್ಬರು ನೋಡುತ್ತ.
ಅಷ್ಟು ಕಷ್ಟದ್ದು ಅಂದಿನ ನಡಾವಳಿಯಲ್ಲಿ ಬೇರೇನೂ ಇರಲಿಲ್ಲ.

ಬಾಗಿಲಿಗೆ ಬೀಗ ಹಾಕುವಾಗ ಟಾರ್ಚು ಹಿಡಿದವರು ಎನಿಡ್.
ಬೆಳಕು ನಡುಗಿ ನಡುಗಿ
ಬೀಗದ ಕಣ್ಣು ಸಿಗಲೊಲ್ಲದು.
ಗಾಳಿಯನ್ನು ಮೀರಿ ಕೂಗಿ ಕೇಳಿದರು:
'ನಲವತ್ತು ನಿಮಿಷ ಮಾತಾಡಬಲ್ಲಳಾ ಅವಳು?'