ಮೀನು ಬಾವಿಯಲ್ಲೇ ಇದೆ

ಚಿಂತಾಮಣಿಯ ಕೈವಾರ ರಸ್ತೆಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ.
ಬೋರ್ಡಿಲ್ಲ. ಯಾರನ್ನು ಕೇಳಿದರೂ ತೋರಿಸುತ್ತಾರೆ.
ಬೋರಿಗೆ ಬಿದ್ದ ಮೋಟಾರು ಎತ್ತುವ
ಕೊಕ್ಕೆ, ಈಟಿ, ಗಂಟಲೊಳಗೆ ಹಲ್ಲಿರುವ ಕೊಳವೆ
ಮಾಡಿಕೊಡುತ್ತೇನೆ.
ಎತ್ತಲೂ ಹೋಗುತ್ತೇನೆ, ಕೂಲಿ ಬೇರೆ.

ಹೋದ ಕಾರ್ತಿಕ. ಮುರುಗಮಲ್ಲದ ಕಡೆ ಒಂದು ಟೊಮೆಟೊ ತೋಟ.
ಪೈಪು ಕಳಚಿ ಸಾವಿರದ ನೂರಡಿಯಲ್ಲಿ ಮೋಟಾರು ಕೂತಿತ್ತು.
ಜೊತೆಗೆ ಬಂದವನು ದಸ್ತಗೀರ್,
ಕಾಕಿನಾಡದಾಚೆ ಕಡಲ ನಡುವೆ ಎಣ್ಣೆಯ ರಿಗ್ಗಿನಲ್ಲಿ
ಹದಿನಾಲ್ಕು ವರ್ಷ ದುಡಿದು
ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟು ಬಂದವನು.
ಬಗ್ಗಿ, ಟಾರ್ಚು ಬಿಟ್ಟು, ಎಂದ:
‘ಮೀನು ಆಳದಲ್ಲಿದೆ.’

‘ಚೇಪನಾ? ಆರೂವರೆ ಇಂಚಿನ ತೂತಲ್ಲಾ?’
ತೋಟದ ಪಿಳ್ಳಮ್ಮ ನಗಲಿಲ್ಲ.
ಕೇಬಲ್ಲು ಹಿಡಿದಿದ್ದ ತಿರುಚೆಂಗೋಡಿನ ಹುಡುಗ
‘ಮೀನಾ?’ ಎಂದ. ಬೆಳಗಿನಿಂದ ಅವನಾಡಿದ್ದರಲ್ಲಿ
ನನಗೆ ತಿಳಿದ ಮೊದಲ ಮಾತು.

ಎಣ್ಣೆಬಾವಿಯಲ್ಲಿ ಏನು ಕಳಚಿ ಬಿದ್ದರೂ,
ಬೈರಿಗೆಯೋ, ಸಲಾಕೆಯೋ, ಮೇಸ್ತ್ರಿಯ ಸುತ್ತಿಗೆಯೋ,
ಬಿದ್ದ ಗಳಿಗೆ ಅದರ ಹೆಸರು ಹೋಯಿತು.
ಅದು ಮೀನು.
ಹಿಡಿಯುವವನು ಹೆಲಿಕಾಪ್ಟರಿನಲ್ಲಿ ಬರುತ್ತಾನೆ,
ಯಾರ ಹತ್ತಿರವೂ ಮಾತಾಡುವುದಿಲ್ಲ.
ಯಾಕೆ ಮೀನು?
ಹಿಂದೆ ಹಗ್ಗಕ್ಕೆ ಉಳಿ ಕಟ್ಟಿ ಕುಟ್ಟಿ ಕುಟ್ಟಿ ತೋಡುತ್ತಿದ್ದರಂತೆ.
ಹಗ್ಗ ಹರಿದರೆ ಇನ್ನೊಂದು ಹಗ್ಗಕ್ಕೆ ಕೊಕ್ಕೆ ಬಿಗಿದು
ಕತ್ತಲಿಗೆ ಇಳಿಬಿಟ್ಟು
ಅಂಗೈಗೆ ನಡುಕ ಬರಲೆಂದು ದಿನಗಟ್ಟಲೆ ಕೂರುತ್ತಿದ್ದರಂತೆ.
ದೂರದಿಂದ ಕಂಡವರು ಮತ್ತೇನಂದಾರು?
‘ಹೀಗಂತ ನಮ್ಮ ಟೂಲ್‌ಪುಷರ್ ಹೇಳುತ್ತಿದ್ದ.
ಕುಡಿದಾಗ ಬೇರೆ ಕಥೆ ಹೇಳುತ್ತಿದ್ದ.’

ನಾವು ಮೊದಲು ಇಳಿಸಿದ್ದು ಬಟ್ಟೆಸೋಪು.
ಎರಡು ಬಾರು ಬಿಸಿಲಿಗಿಟ್ಟು, ನಾದಿ, ಪೈಪಿನ ಬಾಯಿಗೆ ಮೆತ್ತಿ
ತಳಕ್ಕೊಮ್ಮೆ ಕುಕ್ಕಿ ಎತ್ತಿದೆವು.
ಸೋಪಿನ ಮೇಲೆ ಅರ್ಧಚಂದ್ರ.
ದಸ್ತಗೀರ್ ಮೂರು ಬೆರಳಲ್ಲಿ ಸವರಿ ಓದಿದ:
ಗೋಡೆಗೆ ಒರಗಿದೆ.
ಹುಣ್ಣಿಮೆಯಾಗಿದ್ದರೆ ಸುಲಭವಿತ್ತು.

ನಮ್ಮಜ್ಜಿ ತಿಪ್ಪಕ್ಕನ ಹತ್ತಿರ ಪಾತಾಳಗರಡಿ ಇತ್ತು.
ಕಬ್ಬಿಣದ ಬಳೆ, ಸುತ್ತ ನೇತಾಡುವ ಕೊಕ್ಕೆಗಳು,
ಎತ್ತಿದರೆ ಗಲಗಲ.
ಯಾರ ಬಿಂದಿಗೆ ಬಾವಿಗೆ ಬಿದ್ದರೂ ನಮ್ಮ ಬಾಗಿಲಿಗೇ.
ಒತ್ತೆಯಿಲ್ಲದೆ ಕೊಡುತ್ತಿರಲಿಲ್ಲ ಮುದುಕಿ:
ಒಂದು ಚೊಂಬು, ಕಾಲುಂಗುರ, ಒಮ್ಮೆ ಕಾವಿಗೆ ಕೂತ ಕೋಳಿ.
ಗರಡಿ ಅಂದರೆ ಕುಸ್ತಿಮನೆಯಲ್ಲವಾ ಅಂತ ಕೇಳಿದ್ದೆ.
‘ತಳದಲ್ಲಿ ಕುಸ್ತಿ ನಡೀತದೆ ಕಣೋ,
ಮೇಲಿರೋರು ಕೇಳಿಸ್ಕೋಬೇಕು, ಅಷ್ಟೇ.’
ಅವಳಿಗೂ ಗೊತ್ತಿರಲಿಲ್ಲ ಅಂತ ಈಗ ಅನಿಸುತ್ತದೆ.

ನಾವು ಕೊಕ್ಕೆಗೆ ಹೆಸರಿಟ್ಟ ಜನ.
ಬಿದ್ದದ್ದಕ್ಕೆ ಹೊಸ ಹೆಸರು ಬೇಕಿರಲಿಲ್ಲ:
ಬಿಂದಿಗೆ ಬಿಂದಿಗೆಯೇ, ಇಂಥ ಮನೆಯದೇ.
ಕಂಠದಲ್ಲಿ ಕೊರೆಸಿರುತ್ತಿದ್ದರು.

ಮೂರು ದಿನ. ಎರಡು ಸಲ ಕಚ್ಚಿತು.
ಎರಡನೆಯ ಸಲ ನಾನೂರಡಿ ಮೇಲೆ ಬಂದು
ಜಾರಿತು.
ಹಗ್ಗ ಹಗುರಾದದ್ದು ಮೊದಲು ಅಂಗೈಗೆ ತಿಳಿಯಿತು,
ಆಮೇಲೆ ಕಿವಿಗೆ.
‘ಸಾಕು ಬಿಡಿ, ಟೀ ಆರ್ತದೆ’ ಎಂದಳು ಪಿಳ್ಳಮ್ಮ.

ದಸ್ತಗೀರ್ ನನ್ನ ಲೆಕ್ಕದ ಪುಸ್ತಕ ಕೇಳಿದ.
ಎತ್ತಲಾಗದಿದ್ದರೆ ಕೊನೆಗೊಂದು ಸಾಲು ಬರೆದೇ ಏಳಬೇಕಂತೆ,
ಮುಂದೆ ಬರುವವನ ಬೈರಿಗೆ ಮುರಿಯದಿರಲೆಂದು.
ಬರೆ, ಎಂದ:
ಮೀನು ಬಾವಿಯಲ್ಲೇ ಇದೆ. ತಲೆ, ಸಾವಿರದ ನೂರ ಹನ್ನೆರಡು ಅಡಿ.

ಬರೆದೆ. ಒಂದು ಗೆರೆ ಬಿಟ್ಟು ಮತ್ತೆ ಬರೆದೆ:
ದೊಡ್ಡಪೇಟೆಯ ಸೇದುವ ಬಾವಿ, ಈಗ ಮೇಲೆ ಬೈಕಿನ ಶೋರೂಮು.
ತಾಮ್ರದ ಬಿಂದಿಗೆ ಒಂದು.
ಅದನ್ನೆತ್ತಲು ಹೋದ ಪಾತಾಳಗರಡಿ ಒಂದು, ಹಗ್ಗ ಸಮೇತ.
ಒತ್ತೆಯ ಚೊಂಬು ನಮ್ಮ ಮನೆಯಲ್ಲಿ.

ದಸ್ತಗೀರ್ ಓದಿ, ‘ಅಡಿ ಎಷ್ಟು?’ ಅಂದ.
ಗೊತ್ತಿಲ್ಲ ಅಂದೆ.
‘ಆ ಜಾಗ ಖಾಲಿ ಬಿಡು’ ಅಂದ.