ಅಂಗಡಿಯಿಂದ ಬಂದ ಸ್ಕೀ

ಬ್ಲೆಡ್‌ನ ಅಂಗಡಿಯಿಂದ ಕನ್ನಡಿಯಂತೆ ಬಂದಿದ್ದವು,
ಮೂವತ್ತೆಂಟು ಯೂರೋ.
ಮೊದಲ ಇಳಿಜಾರಿನಲ್ಲೇ ಹಟ:
ಎಡಕ್ಕೆಂದರೆ ನೆಟ್ಟಗೆ, ನೆಟ್ಟಗೆಂದರೆ ಬೇಲಿಗೆ.

ರಾತ್ರಿ ಜ್ಡೆಂಕಾ ಅಡುಗೆಮನೆಯ ಮೇಜಿಗೆ ಬಿಗಿದು
ತಳದ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ
ಆಚೆಯಿಂದ ಟಾರ್ಚು ಹಿಡಿ ಎಂದಳು.
ನಡುವೆ ನುಸುಳಿತು ಬೆಳಕು, ದಾರದಷ್ಟು.
"ತಳ ಹಳ್ಳ, ಅಂಚು ದಿಣ್ಣೆ.
ಯಂತ್ರಕ್ಕೂ ಅವಸರ."

ಅರ ಮೂತಿಯಿಂದ ಬಾಲಕ್ಕೆ, ಒಂದೇ ದಿಕ್ಕು,
ಮೇಜೆಲ್ಲ ಕಬ್ಬಿಣದ ಹುಡಿ.
ನಾನು ತುಟಿ ಬಿಚ್ಚಲಿಲ್ಲ.
ಆ ಅಂಗಡಿ ನನ್ನ ತಮ್ಮನದು.

ಕಲ್ಲಿನಿಂದ ಅಂಚಿನ ಮುಳ್ಳು ಸವರಿ
ಹೆಬ್ಬೆರಳ ಉಗುರು ಎಳೆದು ನೋಡಿದಳು: ಬಿಳಿ ಪುಡಿ.
ಮತ್ತೆ ಪಟ್ಟಿ, ಮತ್ತೆ ಟಾರ್ಚು.
ಬೆಳಕು ಕೂದಲಷ್ಟು.
ಆಮೇಲೆ ಅದೂ ಇಲ್ಲ.

ಮೇಣದ ಬಿಸಿ ವಾಸನೆ ಇನ್ನೂ ಆರಿರಲಿಲ್ಲ,
ದೀಪ ಆರಿಸುತ್ತ ಕೇಳಿದಳು:
"ನಿನ್ನ ಜೋಡಿಯೂ ಅಲ್ಲೇ ತಾನೆ?"